ದೊಡ್ಡ ಊರಿಗೆ ಹೋದರೆ ಸಂಬಳ ಎಷ್ಟಿರಬೇಕು? ನಿಮ್ಮ ಲೆಕ್ಕ ನೀವೇ ಹಾಕುವ ಬಗೆ

ದೊಡ್ಡ ಊರಲ್ಲಿ ಕೆಲಸ ಸಿಗುವ ಹಾಗಿದೆ ಅಂದ ಕೂಡಲೇ ಮನೆಯಲ್ಲಿ ಏಳುವ ಮೊದಲ ಪ್ರಶ್ನೆ ಇದು: “ಅಲ್ಲಿ ಆರಾಮಾಗಿ ಇರೋಕೆ ತಿಂಗಳಿಗೆ ಎಷ್ಟು ಬೇಕು?” ಹತ್ತು ಜನರನ್ನು ಕೇಳಿದರೆ ಹತ್ತು ಉತ್ತರ ಬರುತ್ತದೆ. ಒಬ್ಬರು ಹೇಳುವ ಮೊತ್ತ ಇನ್ನೊಬ್ಬರು ಹೇಳಿದ್ದರ ಮೂರು ಪಟ್ಟು ಇರುತ್ತದೆ. ಇಬ್ಬರೂ ನಿಜವನ್ನೇ ಹೇಳುತ್ತಿರುತ್ತಾರೆ. ಒಬ್ಬರು ಮೂವರು ಗೆಳೆಯರ ಜೊತೆ ಮನೆ ಹಂಚಿಕೊಂಡಿದ್ದಾರೆ. ಇನ್ನೊಬ್ಬರಿಗೆ ಇಬ್ಬರು ಮಕ್ಕಳಿದ್ದಾರೆ, ತಲೆ ಮೇಲೆ ಸಾಲವೂ ಇದೆ. ಅವರು ಹೇಳಿದ್ದು ಅವರವರ ಬದುಕಿನ ಲೆಕ್ಕ, ನಿಮ್ಮದಲ್ಲ.

ಹಾಗಾಗಿ ಇಲ್ಲಿ ನಾನು ಯಾವ ಮೊತ್ತವನ್ನೂ ಹೇಳುವುದಿಲ್ಲ. ನಿಮ್ಮ ಮೊತ್ತವನ್ನು ನೀವೇ ಕಂಡುಕೊಳ್ಳುವ ದಾರಿ ಹೇಳುತ್ತೇನೆ. ಒಂದು ಹಾಳೆ, ಬ್ಯಾಂಕಿನ ಮೂರು ತಿಂಗಳ ಲೆಕ್ಕ, ಎರಡು ಸಂಜೆ ಮತ್ತು ನಾಲ್ಕಾರು ಫೋನ್ ಕರೆಗಳಿದ್ದರೆ ಸಾಕು. ಉದಾಹರಣೆಗೆ ಒಂದು ಜೋಡಿಯನ್ನು ಇಟ್ಟುಕೊಳ್ಳೋಣ. ಮಕ್ಕಳಿಲ್ಲ, ಒಂದು ಸಣ್ಣ ಸಾಲವಿದೆ. ಅವರ ಈಗಿನ ತಿಂಗಳ ಖರ್ಚು 100 ಪಾಲು ಅಂತ ಹಿಡಿಯೋಣ. ಯಾವ ದೇಶದ ಯಾವ ಹಣವಾದರೂ ಈ ಲೆಕ್ಕ ಹೊಂದುತ್ತದೆ.

ಹೆಜ್ಜೆ 1: “ಆರಾಮು” ಅಂದರೆ ಏನು ಅಂತ ಮೊದಲು ಬರೆಯಿರಿ

ಇದನ್ನು ಬಿಟ್ಟು ನೇರ ಲೆಕ್ಕಕ್ಕೆ ಇಳಿಯುವವರೇ ಜಾಸ್ತಿ. ಆಮೇಲೆ ಎಷ್ಟು ಸಂಬಳ ಬಂದರೂ ಸಾಲದು ಅನ್ನಿಸುತ್ತದೆ, ಯಾಕೆಂದರೆ ಎಷ್ಟಾದರೆ ಸಾಕು ಅಂತ ಯಾವತ್ತೂ ತೀರ್ಮಾನಿಸಿಯೇ ಇರುವುದಿಲ್ಲ.

ನನ್ನ ಮಟ್ಟಿಗೆ ಆರಾಮಾಗಿ ಇರುವುದು ಅಂದರೆ ನಾಲ್ಕು ಮಾತು. ತಿಂಗಳ ಕೊನೆಯ ವಾರ ಯಾರ ಹತ್ತಿರವೂ ಕೈ ಚಾಚಬಾರದು. ಅರ್ಧ ತಿಂಗಳ ಖರ್ಚಿನಷ್ಟು ದೊಡ್ಡ ಖರ್ಚು ಇದ್ದಕ್ಕಿದ್ದ ಹಾಗೆ ಬಂದರೂ ಸಾಲ ಮಾಡದೆ ನಿಭಾಯಿಸಬೇಕು. ಪ್ರತಿ ತಿಂಗಳೂ ಏನಾದರೂ ಉಳಿಯಬೇಕು. ನಾಲ್ಕನೆಯದು, ಕೆಲಸ ಮುಗಿಸಿ ಬಂದ ಮೇಲೆ ಮನೆಯವರ ಜೊತೆ ಕೂತು ಮಾತಾಡುವಷ್ಟು ಹೊತ್ತು ಇರಬೇಕು. ಈ ಕೊನೆಯದನ್ನು ಜನ ಲೆಕ್ಕಕ್ಕೇ ಸೇರಿಸುವುದಿಲ್ಲ. ಆದರೆ ದೊಡ್ಡ ಊರು ಮೊದಲು ಕಿತ್ತುಕೊಳ್ಳುವುದು ಅದನ್ನೇ.

ನಿಮ್ಮ ಪಟ್ಟಿ ಬೇರೆ ಇರಬಹುದು. ಒಬ್ಬರಿಗೆ ಸ್ವಂತ ಕೋಣೆ ಬೇಕೇ ಬೇಕು. ಇನ್ನೊಬ್ಬರಿಗೆ ತಿಂಗಳಿಗೊಮ್ಮೆ ಅಪ್ಪ ಅಮ್ಮನನ್ನು ನೋಡಿ ಬರದಿದ್ದರೆ ಆಗುವುದಿಲ್ಲ. ಬಿಟ್ಟುಕೊಡಲಾಗದ ಮೂರು ವಿಷಯ ಬರೆಯಿರಿ, ಬಿಟ್ಟರೂ ನಡೆಯುವ ಮೂರು ಬರೆಯಿರಿ. ಜೋಡಿಯಾಗಿ ಹೋಗುತ್ತಿದ್ದರೆ ಇಬ್ಬರೂ ಬೇರೆ ಬೇರೆ ಕೂತು ಬರೆದು ಆಮೇಲೆ ಹೋಲಿಸಿ. ಇಲ್ಲೇ ಜಗಳವಾದರೆ ಒಳ್ಳೆಯದು, ಮನೆ ಹಿಡಿದ ಮೇಲೆ ಆಗುವುದಕ್ಕಿಂತ ಅಗ್ಗ.

ಹೆಜ್ಜೆ 2: ಈಗಿನ ಖರ್ಚು, ಮತ್ತು ಖರ್ಚೇ ಅಲ್ಲ ಅಂದುಕೊಂಡಿದ್ದು

ಕಳೆದ ಮೂರು ತಿಂಗಳ ಬ್ಯಾಂಕಿನ ಲೆಕ್ಕ ತೆಗೆಯಿರಿ. ನೆನಪಿನಿಂದ ಬರೆಯಬೇಡಿ. ನೆನಪು ಯಾವಾಗಲೂ ಕಡಿಮೆಯೇ ಹೇಳುತ್ತದೆ. ವರ್ಷಕ್ಕೊಮ್ಮೆ ಬರುವ ಖರ್ಚುಗಳನ್ನೆಲ್ಲ, ಅಂದರೆ ವಿಮೆ, ಗಾಡಿ ರಿಪೇರಿ, ಪ್ರವಾಸ, ಉಡುಗೊರೆ, ಎಲ್ಲ ಕೂಡಿಸಿ 12ರಿಂದ ಭಾಗಿಸಿ ತಿಂಗಳ ಲೆಕ್ಕಕ್ಕೆ ಸೇರಿಸಿ.

ನಮ್ಮ ಜೋಡಿಯ 100 ಪಾಲು ಹೀಗಿದೆ ಅಂದುಕೊಳ್ಳಿ: ಬಾಡಿಗೆ 22, ಕರೆಂಟು ನೀರು ಇಂಟರ್ನೆಟ್ಟಿಗೆ 6, ಊಟ ದಿನಸಿಗೆ 24, ಓಡಾಟಕ್ಕೆ 8, ಸಾಲದ ಕಂತು 12, ಫೋನು ಮತ್ತು ವಿಮೆಗೆ 6, ಬಟ್ಟೆ ತಿರುಗಾಟ ಇತ್ಯಾದಿಗೆ 14, ವರ್ಷದ ಖರ್ಚಿನ ತಿಂಗಳ ಪಾಲು 8.

ಈಗ ಇನ್ನೊಂದು ಪಟ್ಟಿ ಮಾಡಿ. ಈ ಮಾರ್ಗದರ್ಶಿಯಲ್ಲಿ ಒಂದೇ ಒಂದು ಕೆಲಸ ಮಾಡುತ್ತೀರಿ ಅಂದರೆ ಇದನ್ನು ಮಾಡಿ ಅನ್ನುತ್ತೇನೆ. ಈಗ ನಿಮಗೆ ದುಡ್ಡಿಲ್ಲದೆ ಸಿಗುತ್ತಿರುವುದೆಲ್ಲ ಈ ಪಟ್ಟಿಗೆ ಬರಲಿ. ಅಮ್ಮ ಮಗುವನ್ನು ನೋಡಿಕೊಳ್ಳುತ್ತಾರೆ. ಅಣ್ಣನ ಗಾಡಿ ಬೇಕಾದಾಗ ಸಿಗುತ್ತದೆ. ನಲ್ಲಿ ಕೆಟ್ಟರೆ ಪಕ್ಕದ ಮನೆಯವರು ಬಂದು ಸರಿ ಮಾಡುತ್ತಾರೆ. ಜ್ವರ ಬಂದಾಗ ಅಕ್ಕನ ಮನೆಯಿಂದ ಊಟ ಬರುತ್ತದೆ. ಗುರುತಿನ ಅಂಗಡಿಯವರು ತಿಂಗಳ ಕೊನೆಗೆ ದುಡ್ಡು ಕೊಡಿ ಅನ್ನುತ್ತಾರೆ. ಇವು ಯಾವುವೂ ಬ್ಯಾಂಕಿನ ಲೆಕ್ಕದಲ್ಲಿ ಕಾಣುವುದಿಲ್ಲ. ಊರು ಬಿಟ್ಟ ಮರುದಿನದಿಂದ ಇವೆಲ್ಲಕ್ಕೂ ಬೆಲೆ ಬೀಳುತ್ತದೆ.

ನಾನು ಮೊದಲ ಸಲ ಊರು ಬದಲಿಸಿದಾಗ ಬಾಡಿಗೆ, ಬಸ್ಸು, ಊಟ ಎಲ್ಲವನ್ನೂ ಬರೆದುಕೊಂಡಿದ್ದೆ. ಈ ಎರಡನೆಯ ಪಟ್ಟಿ ಮಾಡುವುದು ಹೊಳೆದೇ ಇರಲಿಲ್ಲ. ಮೂರನೆಯ ತಿಂಗಳು ಹುಷಾರು ತಪ್ಪಿ ಮಲಗಿದಾಗ ಊಟ ತರಿಸಿದ್ದು, ಆಸ್ಪತ್ರೆಗೆ ಟ್ಯಾಕ್ಸಿಯಲ್ಲಿ ಹೋಗಿ ಬಂದಿದ್ದು, ಬಟ್ಟೆ ಒಗೆಸಿದ್ದು, ಎಲ್ಲ ಸೇರಿ ಉಳಿಸಿದ್ದಷ್ಟೂ ಹೋಯಿತು. ಮನೆಯವರು ಸುಮ್ನೆ ಮಾಡುತ್ತಿದ್ದ ಕೆಲಸದ ಬೆಲೆ ಆಗ ಗೊತ್ತಾಯಿತು.

ಮಕ್ಕಳಿದ್ದವರು ಈ ಪಟ್ಟಿಯನ್ನು ಎರಡು ಸಲ ಓದಿ. ಅಜ್ಜಿ ನೋಡಿಕೊಳ್ಳುತ್ತಿದ್ದ ಮಗುವಿಗೆ ಹೊಸ ಊರಲ್ಲಿ ಡೇ ಕೇರ್ ಬೇಕು ಅಂದರೆ, ಕೆಲವು ಊರುಗಳಲ್ಲಿ ಅದೊಂದೇ ಖರ್ಚು ಬಾಡಿಗೆಯ ಹತ್ತಿರಕ್ಕೆ ಬಂದು ನಿಲ್ಲುತ್ತದೆ. ನಮ್ಮ ಜೋಡಿಗೆ ಮಕ್ಕಳಿಲ್ಲದ ಕಾರಣ ಇಲ್ಲಿ 6 ಪಾಲು ಮಾತ್ರ ಸೇರಿಸುತ್ತೇನೆ.

ಹೆಜ್ಜೆ 3: ಯಾವುದು ಏರುತ್ತದೆ, ಯಾವುದು ಇದ್ದಲ್ಲೇ ಇರುತ್ತದೆ

“ಆ ಊರು ನಮ್ಮೂರಿಗಿಂತ ಶೇ. 60 ದುಬಾರಿ” ಅಂತ ಯಾರಾದರೂ ಹೇಳಿದರೆ, ಈಗಿನ ಖರ್ಚಿಗೆ ಸೀದಾ ಶೇ. 60 ಸೇರಿಸಬೇಡಿ. ಎಲ್ಲವೂ ಒಂದೇ ಸಮ ಏರುವುದಿಲ್ಲ.

ಇದಕ್ಕೆ ಕಾರಣ ಸರಳ. ಲಾರಿಯಲ್ಲಿ ಹೇರಿ ಸಾಗಿಸಬಹುದಾದ ವಸ್ತುವಿನ ಬೆಲೆ ಎಲ್ಲೆಡೆ ಹೆಚ್ಚು ಕಡಿಮೆ ಒಂದೇ ಇರುತ್ತದೆ. ಒಂದು ಕಡೆ ತೀರಾ ದುಬಾರಿಯಾದರೆ ಇನ್ನೊಂದು ಕಡೆಯಿಂದ ತಂದು ಮಾರುವವರು ಹುಟ್ಟಿಕೊಳ್ಳುತ್ತಾರೆ. ನೆಲವನ್ನು ಹಾಗೆ ಸಾಗಿಸಲಾಗುವುದಿಲ್ಲ. ಕ್ಷೌರ, ಮನೆಗೆಲಸ, ಮಗು ನೋಡಿಕೊಳ್ಳುವುದು, ಇವನ್ನೂ ಇನ್ನೊಂದು ಊರಿಂದ ಪೊಟ್ಟಣ ಕಟ್ಟಿ ತರಿಸಲಾಗುವುದಿಲ್ಲ. ಆ ಕೆಲಸ ಮಾಡುವವರೂ ಅದೇ ದುಬಾರಿ ಊರಲ್ಲಿ ಬಾಡಿಗೆ ಕಟ್ಟಬೇಕಲ್ವಾ? ಶ್ರೀಮಂತ ದೇಶಗಳಲ್ಲಿ ಸೇವೆಗಳು ಯಾಕೆ ದುಬಾರಿ ಅನ್ನುವುದನ್ನು ಬೇಲಾ ಬಲಾಸಾ ಮತ್ತು ಪಾಲ್ ಸ್ಯಾಮ್ಯುಯೆಲ್ಸನ್ ಎಂಬ ಅರ್ಥಶಾಸ್ತ್ರಜ್ಞರು 1964ರಲ್ಲಿ ಬೇರೆ ಬೇರೆಯಾಗಿ ವಿವರಿಸಿದರು. ಊರುಗಳ ನಡುವೆಯೂ ಹೆಚ್ಚು ಕಡಿಮೆ ಅದೇ ಲೆಕ್ಕ ನಡೆಯುತ್ತದೆ.

ಹಾಗಾಗಿ ಹಾಳೆಯಲ್ಲಿ ಮೂರು ಗುಂಪು ಮಾಡಿ. ಜಾಸ್ತಿ ಏರುವುದು: ಬಾಡಿಗೆ, ಮಕ್ಕಳ ಆರೈಕೆ, ಶಾಲೆ, ಮನೆಗೆಲಸದ ಸಹಾಯ, ಗಾಡಿ ನಿಲ್ಲಿಸುವ ಜಾಗ. ಸ್ವಲ್ಪ ಏರುವುದು: ದಿನಸಿ, ಹೋಟೆಲ್ ಊಟ, ಕರೆಂಟು. ಬದಲಾಗದೆ ಇರುವುದು: ಸಾಲದ ಕಂತು, ವಿಮೆ, ಫೋನು, ಆನ್‌ಲೈನಿನಲ್ಲಿ ತರಿಸುವ ಸಾಮಾನು.

ಊರುಗಳ ದುಬಾರಿತನ ಹೋಲಿಸುವ ಸೂಚ್ಯಂಕಗಳ ಬಗ್ಗೆ ಎರಡು ಮಾತು. ನಂಬಿಯೋ (Numbeo) ಎಂಬ ಜಾಲತಾಣ ನ್ಯೂಯಾರ್ಕನ್ನು 100 ಅಂತ ಇಟ್ಟುಕೊಂಡು ಉಳಿದ ಊರುಗಳನ್ನು ಹೋಲಿಸುತ್ತದೆ. ಬಳಕೆದಾರರೇ ಅದಕ್ಕೆ ಬೆಲೆಗಳನ್ನು ತುಂಬುತ್ತಾರೆ. ಅದರ ಜೀವನ ವೆಚ್ಚದ ಸೂಚ್ಯಂಕದಲ್ಲಿ ಬಾಡಿಗೆ ಸೇರಿಲ್ಲ, ಬಾಡಿಗೆಗೆ ಬೇರೆಯೇ ಸೂಚ್ಯಂಕವಿದೆ. ಇದನ್ನು ನೋಡದೆ ಮೊದಲ ಅಂಕಿಯನ್ನೇ ನಂಬಿದರೆ ದೊಡ್ಡ ತಪ್ಪಾಗುತ್ತದೆ. ಮರ್ಸರ್ ಎಂಬ ಸಲಹಾ ಸಂಸ್ಥೆ ಹೊರಡಿಸುವ ಪಟ್ಟಿಯ ಉದ್ದೇಶ, ಕಂಪನಿಗಳು ಹೊರದೇಶಕ್ಕೆ ಕಳಿಸುವ ಸಿಬ್ಬಂದಿಗೆ ಎಷ್ಟು ಭತ್ಯೆ ಕೊಡಬೇಕು ಅಂತ ತಿಳಿಸುವುದು. ಅಂಥವರು ಕೊಳ್ಳುವ ಸಾಮಾನು ನಿಮ್ಮದಕ್ಕಿಂತ ಬೇರೆ ಇರಬಹುದು. ಎರಡು ಊರುಗಳ ಅಂತರ ಸುಮಾರು ಎಷ್ಟು ಅಂತ ತಿಳಿಯಲು ಈ ಪಟ್ಟಿಗಳನ್ನು ಬಳಸಿ, ಸಂಬಳ ಗೊತ್ತು ಮಾಡಲು ಬೇಡ.

ಹೆಜ್ಜೆ 4: ಮನೆ ಮತ್ತು ಓಡಾಟ, ಎರಡನ್ನೂ ಒಟ್ಟಿಗೆ

ಈ ಒಂದು ತೀರ್ಮಾನದಷ್ಟು ತೂಕ ಬೇರೆ ಯಾವ ಖರ್ಚಿಗೂ ಇರುವುದಿಲ್ಲ. ಇಲ್ಲಿ ಆತುರ ಬೇಡ.

“ಬಾಡಿಗೆ ಆದಾಯದ ಶೇ. 30 ದಾಟಬಾರದು” ಅನ್ನುವ ಮಾತನ್ನು ಎಲ್ಲರೂ ಹೇಳುತ್ತಾರೆ. ಅದು ಎಲ್ಲಿಂದ ಬಂತು ಗೊತ್ತಾ? ಅಮೆರಿಕದಲ್ಲಿ 1969ರಲ್ಲಿ ಸೆನೆಟರ್ ಎಡ್ವರ್ಡ್ ಬ್ರೂಕ್ ತಂದ ತಿದ್ದುಪಡಿ ಸರ್ಕಾರಿ ವಸತಿಯಲ್ಲಿದ್ದ ಬಡವರ ಬಾಡಿಗೆಗೆ ಆದಾಯದ ಶೇ. 25ರ ಮಿತಿ ಹಾಕಿತು. 1981ರಲ್ಲಿ ಅದನ್ನು ಶೇ. 30ಕ್ಕೆ ಏರಿಸಿದರು. ಅಂದರೆ ಅದು ಒಂದು ದೇಶದ ವಸತಿ ಯೋಜನೆಗೆ ಹಾಕಿದ ಗೆರೆ. ಯುರೋಪಿನ ಅಂಕಿ ಅಂಶ ಸಂಸ್ಥೆ ಯುರೋಸ್ಟ್ಯಾಟ್ ಬೇರೆ ಗೆರೆ ಇಟ್ಟುಕೊಂಡಿದೆ: ಕೈಗೆ ಬರುವ ಆದಾಯದ ಶೇ. 40ಕ್ಕಿಂತ ಜಾಸ್ತಿ ಮನೆಗೆ ಹೋದರೆ ಅದನ್ನು ಮಿತಿಮೀರಿದ ಹೊರೆ ಅಂತ ಲೆಕ್ಕ ಹಾಕುತ್ತದೆ. ನಾನು ಶೇ. 30ನ್ನು ಒಂದು ಎಚ್ಚರಿಕೆಯ ಗಂಟೆಯ ಹಾಗೆ ಬಳಸುತ್ತೇನೆ. ಅದು ಬಾರಿಸಿದರೆ ನಿಂತು ಯೋಚಿಸಬೇಕು, ಅಷ್ಟೇ.

ನನ್ನ ತಕರಾರು ಇನ್ನೊಂದಿದೆ. ಬಾಡಿಗೆಯನ್ನು ಮಾತ್ರ ನೋಡುವ ನಿಯಮ ನಮ್ಮನ್ನು ಊರ ಅಂಚಿಗೆ ತಳ್ಳುತ್ತದೆ. ದೂರ ಹೋದಷ್ಟೂ ಬಾಡಿಗೆ ಇಳಿಯುತ್ತದೆ, ಓಡಾಟ ಏರುತ್ತದೆ. ಶಿಕಾಗೋದ ಸೆಂಟರ್ ಫಾರ್ ನೈಬರ್‌ಹುಡ್ ಟೆಕ್ನಾಲಜಿ ಇದನ್ನು ಗಮನಿಸಿ ಮನೆ ಮತ್ತು ಓಡಾಟ ಎರಡೂ ಸೇರಿ ಆದಾಯದ ಶೇ. 45 ದಾಟಬಾರದು ಅನ್ನುವ ಅಳತೆ ಇಟ್ಟಿತು. ಇದು ಹೆಚ್ಚು ಬುದ್ಧಿವಂತಿಕೆಯ ಅಳತೆ ಅನ್ನಿಸುತ್ತದೆ.

ನಮ್ಮ ಜೋಡಿಗೆ ಎರಡು ಮನೆ ಸಿಕ್ಕಿವೆ ಅನ್ನೋಣ. ಹತ್ತಿರದ ಮನೆಗೆ ಬಾಡಿಗೆ 44 ಪಾಲು, ಇಬ್ಬರ ಓಡಾಟಕ್ಕೆ 4. ಒಂದು ದಿಕ್ಕಿಗೆ 25 ನಿಮಿಷ. ದೂರದ ಮನೆಗೆ ಬಾಡಿಗೆ 32, ಓಡಾಟಕ್ಕೆ 10. ಒಂದು ದಿಕ್ಕಿಗೆ 80 ನಿಮಿಷ. ಬಾಡಿಗೆಯಲ್ಲಿ 12 ಪಾಲು ಉಳಿದ ಹಾಗೆ ಕಾಣುತ್ತದೆ. ಓಡಾಟ ಸೇರಿಸಿದರೆ 48 ಮತ್ತು 42, ಉಳಿದದ್ದು 6 ಮಾತ್ರ. ಈಗ ಸಮಯ ನೋಡಿ. ದಿನಕ್ಕೆ 110 ನಿಮಿಷ ಜಾಸ್ತಿ. ತಿಂಗಳಿಗೆ 22 ದಿನ ಕೆಲಸ ಅಂದರೆ 2,420 ನಿಮಿಷ, ಅಂದರೆ 40 ಗಂಟೆಗೂ ಜಾಸ್ತಿ. ಒಬ್ಬೊಬ್ಬರೂ ತಿಂಗಳಿಗೆ ಒಂದು ವಾರದ ಕೆಲಸದಷ್ಟು ಹೊತ್ತನ್ನು ದಾರಿಯಲ್ಲಿ ಕಳೆದು ಮನೆಗೆ ಉಳಿಸಿದ್ದು 6 ಪಾಲು.

ಸಾರಿಗೆ ತಜ್ಞ ಯಾಕೋವ್ ಜಹಾವಿ ಮತ್ತು ಆಮೇಲೆ ಭೌತವಿಜ್ಞಾನಿ ಚೆಸಾರೆ ಮಾರ್ಕೆಟ್ಟಿ ಒಂದು ವಿಷಯ ಎತ್ತಿ ತೋರಿಸಿದ್ದರು. ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ವಾಹನ ಇದ್ದರೂ ಜನ ಸರಾಸರಿ ದಿನಕ್ಕೆ ಸುಮಾರು ಒಂದು ಗಂಟೆಯಷ್ಟೇ ಓಡಾಟಕ್ಕೆ ಕೊಡುತ್ತಾರೆ. ಅದನ್ನು ತುಂಬಾ ದಾಟಿದರೆ ದೇಹ, ಮನಸ್ಸು ಎರಡೂ ತಕರಾರು ಮಾಡುತ್ತವೆ. ಬ್ರೂನೋ ಫ್ರೇ ಮತ್ತು ಅಲೋಯಿಸ್ ಸ್ಟುಟ್ಸರ್ ಎಂಬ ಅರ್ಥಶಾಸ್ತ್ರಜ್ಞರು ಜರ್ಮನಿಯ ಕುಟುಂಬಗಳ ಮಾಹಿತಿ ತೆಗೆದು ನೋಡಿದಾಗ, ದೂರ ಪ್ರಯಾಣ ಮಾಡುವವರು ತಮ್ಮ ಬದುಕಿನ ಬಗ್ಗೆ ಕಡಿಮೆ ತೃಪ್ತಿ ಹೇಳಿಕೊಂಡಿದ್ದರು. ಅಗ್ಗದ ಮನೆಯೋ ಒಳ್ಳೆಯ ಸಂಬಳವೋ ಆ ನಷ್ಟವನ್ನು ಪೂರ್ತಿ ತುಂಬಿರಲಿಲ್ಲ.

ಇನ್ನು ಬಾಡಿಗೆಯ ಅಂಕಿಯನ್ನು ಹುಡುಕುವ ಬಗೆ. ಆಫೀಸಿಗೆ ಹೊಂದುವ ಮೂರು ಬಡಾವಣೆ ಆರಿಸಿ. ಒಂದೊಂದರಲ್ಲೂ ನಿಮಗೆ ಬೇಕಾದ ಅಳತೆಯ ಸುಮಾರು 20 ಮನೆಗಳ ಜಾಹೀರಾತು ನೋಡಿ. ಬಾಡಿಗೆಗಳನ್ನು ಕಡಿಮೆಯಿಂದ ಜಾಸ್ತಿಗೆ ಸಾಲಾಗಿ ಬರೆದು ನಡುವಿನದನ್ನು ಹಿಡಿಯಿರಿ. ಎಲ್ಲಕ್ಕಿಂತ ಅಗ್ಗದ್ದನ್ನು ಹಿಡಿಯಬೇಡಿ. ಅದು ಅಗ್ಗ ಇರುವುದಕ್ಕೆ ಏನೋ ಕಾರಣ ಇರುತ್ತದೆ, ಅಥವಾ ನೀವು ಕರೆ ಮಾಡುವ ಹೊತ್ತಿಗೆ ಹೋಗಿರುತ್ತದೆ. ಆ ಮೇಲೆ ಐದಾರು ಕಡೆ ಫೋನ್ ಮಾಡಿ ಬಾಡಿಗೆಯ ಹೊರಗೆ ಏನೇನು ಕೊಡಬೇಕು ಅಂತ ಕೇಳಿ. ನಿರ್ವಹಣೆ ಶುಲ್ಕ, ನೀರು, ಬಿಸಿ ಅಥವಾ ತಂಪು ಮಾಡುವ ಕರೆಂಟು, ಪಾರ್ಕಿಂಗ್. ಪ್ರಯಾಣದ ಸಮಯವನ್ನು ಮ್ಯಾಪಿನಲ್ಲಿ ನೋಡುವಾಗ ಭಾನುವಾರ ರಾತ್ರಿ ನೋಡಬೇಡಿ. ಕೆಲಸದ ದಿನ, ಕೆಲಸಕ್ಕೆ ಹೊರಡುವ ಹೊತ್ತು ಹಾಕಿ ನೋಡಿ. ಸಂಜೆಯದನ್ನೂ ನೋಡಿ, ಎರಡೂ ಒಂದೇ ಇರುವುದಿಲ್ಲ.

ಹೆಜ್ಜೆ 5: ಹೊಸ ಊರಿನ ತಿಂಗಳ ಖರ್ಚು ಬರೆಯಿರಿ

ನಮ್ಮ ಜೋಡಿ ಹತ್ತಿರದ ಮನೆಯನ್ನೇ ಆರಿಸಿದರು ಅನ್ನೋಣ. ಬಾಡಿಗೆ 44, ಕರೆಂಟು ನೀರು ಇತ್ಯಾದಿ 8, ಊಟ ದಿನಸಿ 30, ಓಡಾಟ 4, ಸಾಲದ ಕಂತು ಅದೇ 12, ಫೋನು ವಿಮೆ ಅದೇ 6, ಬಟ್ಟೆ ತಿರುಗಾಟ 20, ವರ್ಷದ ಖರ್ಚಿನ ಪಾಲು 10. ಒಟ್ಟು 134. ಮೊದಲು ಸುಮ್ನೆ ಸಿಗುತ್ತಿದ್ದ ಕೆಲಸಗಳಿಗೆ 6 ಸೇರಿಸಿದರೆ 140.

ಊಟದ ಖರ್ಚು 24ರಿಂದ 30ಕ್ಕೆ ಏರಿದ್ದಕ್ಕೆ ದಿನಸಿಯ ಬೆಲೆ ಒಂದೇ ಕಾರಣ ಅಲ್ಲ. ದಣಿದು ಬಂದ ಸಂಜೆ ಅಡುಗೆ ಮಾಡುವ ಶಕ್ತಿ ಇರುವುದಿಲ್ಲ, ಹೊರಗಿಂದ ತರಿಸುತ್ತೀರಿ. ತಿರುಗಾಟದ 14 ಯಾಕೆ 20 ಆಯಿತು? ಹೊಸ ಊರಲ್ಲಿ ಪರಿಚಯ ಬೆಳೆಯುವುದೇ ಹೊರಗೆ ಕೂತು ಊಟ ಮಾಡುವಾಗ, ಕಾಫಿ ಕುಡಿಯುವಾಗ. ಅದನ್ನು ದುಂದು ಅಂತ ಕತ್ತರಿಸಬೇಡಿ. ಮೊದಲ ವರ್ಷ ಒಂಟಿತನ ಕಾಡುವಾಗ ಆ 6 ಪಾಲು ತುಂಬಾ ಬೆಲೆಬಾಳುತ್ತದೆ. ವರ್ಷದ ಖರ್ಚಿನಲ್ಲಿ ಊರಿಗೆ ಹೋಗಿ ಬರುವ ಟಿಕೆಟ್ಟು ಇರಲಿ. ಅದರ ಜೊತೆಗೆ ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲ ಅಂದರೆ ಅದೇ ದಿನ ಹೊರಡುವ ಒಂದು ದುಬಾರಿ ಟಿಕೆಟ್ಟಿಗೂ ಜಾಗ ಇಡಿ.

ಅಲ್ಲಿ ಈಗಾಗಲೇ ಇರುವ ಯಾರಾದರೂ ತಮ್ಮ ಖರ್ಚು ಹೇಳಿದರೆ ಅದನ್ನು ನಿಮ್ಮ ಮನೆಯ ಅಳತೆಗೆ ತರಬಹುದು. ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆಯ (ಒಇಸಿಡಿ) ಹೆಸರಿನ ಒಂದು ಅಳತೆಗೋಲಿದೆ, ಒಇಸಿಡಿ ಮಾರ್ಪಡಿತ ಅಳತೆ ಅನ್ನುತ್ತಾರೆ. ಮೊದಲ ದೊಡ್ಡವರಿಗೆ 1, ಇನ್ನೊಬ್ಬ ದೊಡ್ಡವರಿಗೆ 0.5, 14 ವರ್ಷದೊಳಗಿನ ಮಗುವಿಗೆ 0.3. ಅಂದರೆ ಜೋಡಿಗೆ 1.5, ಒಂದು ಮಗು ಇದ್ದರೆ 1.8, ಎರಡಿದ್ದರೆ 2.1. ಒಂಟಿಯಾಗಿ ಸ್ವಂತ ಮನೆ ಮಾಡಿಕೊಂಡಿರುವವರು 80 ಪಾಲು ಖರ್ಚಾಗುತ್ತದೆ ಅಂದರೆ ಅದೇ ಮಟ್ಟದಲ್ಲಿ ಇಬ್ಬರು ಇರಲು ಸುಮಾರು 120 ಬೇಕು. ಡೇ ಕೇರ್, ಶಾಲೆಯ ಶುಲ್ಕ ಜಾಸ್ತಿ ಇರುವ ಕಡೆ 0.3 ಸಾಕಾಗುವುದಿಲ್ಲ. ಅವನ್ನು ಪ್ರತ್ಯೇಕವಾಗಿ ಕೂಡಿಸಿ.

ಹೆಜ್ಜೆ 6: ಖರ್ಚಿನಿಂದ ಸಂಬಳಕ್ಕೆ

ಇಲ್ಲಿ ಎರಡು ಕಡೆ ಜನ ಎಡವುತ್ತಾರೆ.

ಮೊದಲನೆಯದು ಉಳಿತಾಯ. ಸಂಬಳದ ಶೇ. 20 ಉಳಿಸಬೇಕು ಅಂದಾಗ ಖರ್ಚಿಗೆ ಶೇ. 20 ಕೂಡಿಸುತ್ತಾರೆ. 140ಕ್ಕೆ 28 ಸೇರಿಸಿ 168 ಅನ್ನುತ್ತಾರೆ. ಆದರೆ 168ರಲ್ಲಿ 28 ಅಂದರೆ ಶೇ. 16.7 ಮಾತ್ರ. ಸರಿಯಾದ ಲೆಕ್ಕ ಭಾಗಾಕಾರ. ಸಂಬಳದ ಶೇ. 80ರಲ್ಲಿ ಖರ್ಚು ಮುಗಿಯಬೇಕು, ಹಾಗಾಗಿ 140ನ್ನು 0.8ರಿಂದ ಭಾಗಿಸಿ. 175 ಬರುತ್ತದೆ. ಇದು ನಮ್ಮ ಜೋಡಿಯ ಕೈಗೆ ಪ್ರತಿ ತಿಂಗಳು ಬರಬೇಕಾದ ಹಣ.

ಅವಶ್ಯಕತೆಗೆ 50, ಆಸೆಗೆ 30, ಉಳಿತಾಯಕ್ಕೆ 20 ಅನ್ನುವ ಹಂಚಿಕೆಯನ್ನು ಅಮೆರಿಕದ ಎಲಿಜಬೆತ್ ವಾರೆನ್ ಮತ್ತು ಅವರ ಮಗಳು ಅಮೆಲಿಯಾ ವಾರೆನ್ ತ್ಯಾಗಿ 2005ರಲ್ಲಿ ಜನಪ್ರಿಯ ಮಾಡಿದರು. ದೊಡ್ಡ ಊರಲ್ಲಿ ಅವಶ್ಯಕತೆಯೇ 60ಕ್ಕೆ ಹೋಗುವುದು ಸಾಮಾನ್ಯ. ಹಾಗಾದಾಗ ಆಸೆಯ 30ನ್ನು 20 ಮಾಡಿ, ಉಳಿತಾಯವನ್ನು ಮುಟ್ಟಬೇಡಿ. ಆಗಲೇ ಇಲ್ಲ ಅಂದರೆ ಮೊದಲ ವರ್ಷ ಉಳಿತಾಯ ಶೇ. 10ಕ್ಕೆ ಇಳಿದರೂ ಪರವಾಗಿಲ್ಲ, ಸೊನ್ನೆಗೆ ಇಳಿಯುವ ಕೆಲಸ ಒಪ್ಪಿಕೊಳ್ಳಬೇಡಿ.

ಎರಡನೆಯದು ತೆರಿಗೆ ಮತ್ತು ಕಡಿತ. ಆಫರ್ ಲೆಟರಿನಲ್ಲಿ ಇರುವ ಮೊತ್ತ ನಿಮ್ಮ ಕೈಗೆ ಬರುವುದಿಲ್ಲ. ತೆರಿಗೆ, ನಿವೃತ್ತಿ ನಿಧಿ, ವಿಮೆ ಎಲ್ಲ ಕಳೆದ ಮೇಲೆ ಉಳಿದದ್ದು ನಿಮ್ಮದು. ಕಡಿತ ಒಟ್ಟು ಶೇ. 20 ಅಂದರೆ ಮತ್ತೆ ಭಾಗಾಕಾರ: 175ನ್ನು 0.8ರಿಂದ ಭಾಗಿಸಿದರೆ ಸುಮಾರು 219. ಮಾತುಕತೆಯಲ್ಲಿ ಕೇಳಬೇಕಾದ ಅಂಕಿ ಇದು. ತೆರಿಗೆ ಹಂತ ಹಂತವಾಗಿ ಏರುವ ದೇಶಗಳಲ್ಲಿ ಕೊನೆಯ ಹಂತದ ದರ ಪೂರ್ತಿ ಸಂಬಳಕ್ಕೆ ಬೀಳುವುದಿಲ್ಲ. ಆ ಹಂತ ದಾಟಿದ ಭಾಗಕ್ಕೆ ಮಾತ್ರ ಬೀಳುತ್ತದೆ. ಲೆಕ್ಕ ತಲೆನೋವು ಅನ್ನಿಸಿದರೆ ನೇರವಾಗಿ ಕಂಪನಿಯವರನ್ನೇ ಕೇಳಿ: “ಈ ಸಂಬಳಕ್ಕೆ ಎಲ್ಲ ಕಡಿತವಾಗಿ ತಿಂಗಳಿಗೆ ಖಾತೆಗೆ ಎಷ್ಟು ಬರುತ್ತದೆ, ಒಂದು ಮಾದರಿ ಸಂಬಳ ಚೀಟಿ ಕೊಡುತ್ತೀರಾ?” ಕೇಳಲು ನಾಚಿಕೆ ಬೇಡ. ನನಗೆ ಒಮ್ಮೆ ಬಂದ ಆಫರಿನಲ್ಲಿ ವರ್ಷದ ಕೊನೆಗೆ ಸಿಗಬಹುದಾದ ಬೋನಸ್ಸು, ಕಂಪನಿ ನಿವೃತ್ತಿ ನಿಧಿಗೆ ಹಾಕುವ ಪಾಲು ಎಲ್ಲವೂ ಒಟ್ಟು ಮೊತ್ತದಲ್ಲಿ ಸೇರಿತ್ತು. ಕೇಳಿದ ಮೇಲೆ ಗೊತ್ತಾಯಿತು, ತಿಂಗಳ ಕೈ ಸಂಬಳ ನಾನು ಅಂದುಕೊಂಡದ್ದಕ್ಕಿಂತ ತೀರಾ ಕಡಿಮೆ. ಬೋನಸ್ಸನ್ನು ಬಾಡಿಗೆಗೆ ನಂಬಬೇಡಿ. ಖಚಿತವಾಗಿ ಪ್ರತಿ ತಿಂಗಳು ಬರುವುದನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ.

ಈಗ ಹೆಜ್ಜೆ 4ಕ್ಕೆ ಒಮ್ಮೆ ವಾಪಸ್ ಹೋಗೋಣ. ಕೈಗೆ ಬರುವ 175ರಲ್ಲಿ ಬಾಡಿಗೆ 44 ಅಂದರೆ ಸುಮಾರು ಶೇ. 25. ಬಾಡಿಗೆ, ಬಿಲ್ಲು, ಓಡಾಟ ಮೂರೂ ಸೇರಿ 56, ಶೇ. 32. ದೂರದ ಮನೆಗೆ ಹೋಗುವ ಅಗತ್ಯವೇ ಇರಲಿಲ್ಲ ಅಂತ ಅಂಕಿಗಳೇ ಹೇಳುತ್ತಿವೆ.

ಹೆಜ್ಜೆ 7: ಹೊಸ ಊರಿಗೆ ಬಂದು ಇಳಿಯುವ ಖರ್ಚು

ತಿಂಗಳ ಲೆಕ್ಕ ಸರಿಯಿದ್ದೂ ಮೊದಲ ತಿಂಗಳೇ ಸಾಲಕ್ಕೆ ಬೀಳುವವರಿದ್ದಾರೆ. ಕಾರಣ ಒಂದೇ ಸಲಕ್ಕೆ ಬರುವ ಖರ್ಚು. ಮನೆಯ ಮುಂಗಡ, ದಲ್ಲಾಳಿ, ಸಾಮಾನು ಸಾಗಣೆ, ಹೊಸದಾಗಿ ಕೊಳ್ಳಬೇಕಾದ ಪಾತ್ರೆ ಪರದೆ ಹಾಸಿಗೆ. ಮೊದಲ ಸಂಬಳ ಬರುವುದೂ ತಡವಾಗಬಹುದು.

ಮುಂಗಡ ಎಷ್ಟು ತಿಂಗಳ ಬಾಡಿಗೆ ಅನ್ನುವುದು ಊರಿಂದ ಊರಿಗೆ ತುಂಬಾ ಬೇರೆ, ಅದನ್ನು ಮೊದಲೇ ವಿಚಾರಿಸಿ. ಮೂರು ತಿಂಗಳು ಅಂತ ಹಿಡಿದರೆ ನಮ್ಮ ಜೋಡಿಗೆ ಮುಂಗಡ 132, ದಲ್ಲಾಳಿಗೆ ಒಂದು ತಿಂಗಳ ಬಾಡಿಗೆ 44, ಸಾಗಣೆ 30, ಮನೆ ಸಾಮಾನು 40. ಸಂಬಳ ತಡವಾದರೂ ಇರಲಿ ಅಂತ ಎರಡು ತಿಂಗಳ ಖರ್ಚು 280. ಒಟ್ಟು 526. ಮೂರು ತಿಂಗಳ ಹೊಸ ಸಂಬಳದಷ್ಟು! ಇದು ಕೈಯಲ್ಲಿಲ್ಲದಿದ್ದರೆ ಸಾಲ ಮಾಡಬೇಕು, ಆ ಸಾಲದ ಕಂತು 140ಕ್ಕೆ ಸೇರುತ್ತದೆ, ಆಗ ಬೇಕಾದ ಸಂಬಳವೂ ಏರುತ್ತದೆ. ಹಾಗಾಗಿ ಸಂಬಳದ ಮಾತುಕತೆ ನಡೆಯುವಾಗಲೇ ಸ್ಥಳಾಂತರದ ಭತ್ಯೆ ಕೇಳಿ. ಅದು ಆಗುವುದಿಲ್ಲ ಅಂದರೆ ಮೊದಲ ತಿಂಗಳ ವಸತಿ ಕೇಳಿ, ಅಥವಾ ಮುಂಗಡಕ್ಕೆ ಬಡ್ಡಿಯಿಲ್ಲದ ಸಾಲ. ಸಂಬಳ ಏರಿಸಲು ಒಪ್ಪದ ಕಂಪನಿ ಒಂದು ಸಲದ ಖರ್ಚಿಗೆ ಎಷ್ಟೋ ವೇಳೆ ಒಪ್ಪುತ್ತದೆ.

ಆಪತ್ತಿಗೆ ಅಂತ ಇಟ್ಟ ಹಣದ ಬಗ್ಗೆಯೂ ಒಂದು ಮಾತು. ಆರು ತಿಂಗಳ ಖರ್ಚು, ಅಂದರೆ 600 ಪಾಲು ನಿಮ್ಮ ಹತ್ತಿರ ಇದೆ ಅಂದುಕೊಳ್ಳಿ. ತಿಂಗಳಿಗೆ 140 ಖರ್ಚಾಗುವ ಊರಿಗೆ ಕಾಲಿಟ್ಟ ದಿನವೇ ಅದು ನಾಲ್ಕು ತಿಂಗಳ ಹಣವಾಗಿಬಿಡುತ್ತದೆ. ಒಂದು ಪೈಸೆ ಮುಟ್ಟದಿದ್ದರೂ ಕರಗಿದ ಹಾಗೆ. ಇಳಿಯುವ ಖರ್ಚಿಗೆ ಈ ಹಣವನ್ನು ಬಳಸಲೇಬೇಡಿ.

ಹೆಜ್ಜೆ 8: ಲೆಕ್ಕವನ್ನು ಅಲುಗಾಡಿಸಿ ನೋಡಿ

ಮೂರು ಕೆಟ್ಟ ಸುದ್ದಿಗಳನ್ನು ನೀವೇ ಕಲ್ಪಿಸಿಕೊಳ್ಳಿ. ಮುಂದಿನ ವರ್ಷ ಬಾಡಿಗೆ ಶೇ. 10 ಏರಿತು. ಮನೆಯಲ್ಲಿ ಇಬ್ಬರು ದುಡಿಯುವವರಲ್ಲಿ ಒಬ್ಬರ ಕೆಲಸ ಹೋಯಿತು. ಹೊಸ ಕೆಲಸ ಮೂರೇ ತಿಂಗಳಿಗೆ ನಿಂತಿತು. ಮೊದಲನೆಯದನ್ನು ಉಳಿತಾಯ ತಡೆದುಕೊಳ್ಳುತ್ತದೆ, 44ಕ್ಕೆ 4.4 ಅಷ್ಟೇ. ಎರಡನೆಯದೇ ನಿಜವಾದ ಪರೀಕ್ಷೆ. ಇಬ್ಬರ ಸಂಬಳ ನಂಬಿ ದೊಡ್ಡ ಮನೆ ಹಿಡಿಯುವುದು ತುಂಬಾ ಸಾಮಾನ್ಯ. ನನ್ನ ಸಲಹೆ: ದೊಡ್ಡ ಸಂಬಳ ಒಂದರಿಂದಲೇ ಬಾಡಿಗೆ, ಊಟ, ಬಿಲ್ಲು, ಕಂತು ನಾಲ್ಕೂ ಮುಗಿಯಬೇಕು. ನಮ್ಮ ಜೋಡಿಯಲ್ಲಿ ಅದು 94 ಪಾಲು. ಒಬ್ಬರ ಸಂಬಳ 105, ಇನ್ನೊಬ್ಬರದು 70 ಅಂದರೆ ಸರಿಹೋಯಿತು. ಇಬ್ಬರಿಗೂ 87, 88 ಅಂದರೆ ಸ್ವಲ್ಪ ಸಣ್ಣ ಮನೆ ನೋಡಬೇಕು. ಮೂರನೆಯದಕ್ಕೆ ಆಪತ್ತಿನ ಹಣವೇ ಉತ್ತರ. ಬಾಡಿಗೆ ಕರಾರಿಗೆ ಸಹಿ ಹಾಕುವ ಮುಂಚೆ, ನಡುವೆ ಬಿಟ್ಟು ಹೋದರೆ ಎಷ್ಟು ದಂಡ ಅಂತ ಓದಿಕೊಳ್ಳಿ.

ಇನ್ನೊಂದು ಪರೀಕ್ಷೆ ಮನೆಯಲ್ಲೇ ಮಾಡಬಹುದು. ಹೊರಡುವ ಮುಂಚಿನ ಒಂದೆರಡು ತಿಂಗಳು, ಹೊಸ ಊರಿನ ಬಾಡಿಗೆಗೂ ಈಗಿನ ಬಾಡಿಗೆಗೂ ಇರುವ ವ್ಯತ್ಯಾಸವನ್ನು ತಿಂಗಳ ಮೊದಲ ದಿನವೇ ಬೇರೆ ಖಾತೆಗೆ ಹಾಕಿ. ಉಳಿದದ್ದರಲ್ಲಿ ಬದುಕಿ. ಎಲ್ಲಿ ನೋಯುತ್ತದೆ ಅಂತ ಅಲ್ಲೇ ಗೊತ್ತಾಗುತ್ತದೆ. ಆ ಹಣ ಇಳಿಯುವ ಖರ್ಚಿಗೂ ಆಗುತ್ತದೆ.

ಹೆಜ್ಜೆ 9: ಹೋಗಬೇಕೋ ಬೇಡವೋ

ಸಂಬಳಕ್ಕೆ ಸಂಬಳ ಹೋಲಿಸಬೇಡಿ. ಉಳಿಯುವುದಕ್ಕೆ ಉಳಿಯುವುದನ್ನು ಹೋಲಿಸಿ. ನಮ್ಮ ಜೋಡಿಗೆ ಈಗ ಕೈಗೆ 125 ಬರುತ್ತದೆ, 100 ಖರ್ಚು, 25 ಉಳಿಯುತ್ತದೆ. ಹೊಸ ಊರಲ್ಲಿ 170 ಕೊಡುತ್ತೇವೆ ಅಂದರು. ಶೇ. 36 ಏರಿಕೆ, ಕೇಳಿದರೆ ಖುಷಿಯಾಗುತ್ತದೆ. 140 ಖರ್ಚು ಕಳೆದರೆ ಉಳಿಯುವುದು 30. ಮೊದಲು ಸಂಬಳದ ಶೇ. 20 ಉಳಿಯುತ್ತಿತ್ತು, ಈಗ ಶೇ. 18ಕ್ಕೂ ಕಡಿಮೆ. 175 ಬಂದರೆ ಅಷ್ಟೇ ಆರಾಮು, ಅದಕ್ಕೂ ಜಾಸ್ತಿ ಬಂದರೆ ಮುನ್ನಡೆ.

ಹಾಗಂತ 170ನ್ನು ಬೇಡ ಅನ್ನಬೇಕು ಅಂತಲೂ ಅಲ್ಲ. ಹೋರ್ಹೆ ಡೆ ಲಾ ರೋಕಾ ಮತ್ತು ಡಿಯೆಗೋ ಪುಗಾ ಎಂಬ ಅರ್ಥಶಾಸ್ತ್ರಜ್ಞರು ಸ್ಪೇನಿನ ಕೆಲಸಗಾರರ ಸಂಬಳವನ್ನು ವರ್ಷಗಟ್ಟಲೆ ಹಿಂಬಾಲಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಉಪಯೋಗಕ್ಕೆ ಬರುತ್ತದೆ. ದೊಡ್ಡ ಊರಲ್ಲಿ ಪಡೆದ ಅನುಭವಕ್ಕೆ ಬೆಲೆ ಜಾಸ್ತಿ, ಸಂಬಳ ಅಲ್ಲಿ ಬೇಗ ಬೆಳೆಯುತ್ತದೆ. ಆಮೇಲೆ ಸಣ್ಣ ಊರಿಗೆ ಹೋದರೂ ಆ ಲಾಭದ ಬಹುಪಾಲು ಅವರ ಜೊತೆಗೇ ಉಳಿಯುತ್ತದೆ ಅಂತ ಅವರು ಕಂಡುಕೊಂಡರು. ಹಾಗಾಗಿ ಕಲಿಯಲು ಅವಕಾಶ ಇರುವ ಕೆಲಸವಾದರೆ ಮೊದಲ ಎರಡು ವರ್ಷ ಸ್ವಲ್ಪ ಬಿಗಿಯಾಗಿ ಬದುಕುವುದರಲ್ಲಿ ಅರ್ಥವಿದೆ. ಈಗ ಮಾಡುತ್ತಿರುವ ಕೆಲಸವನ್ನೇ ದೊಡ್ಡ ಕಟ್ಟಡದಲ್ಲಿ ಕೂತು ಮಾಡುವುದಾದರೆ ಅಷ್ಟಿಲ್ಲ.

ಬಿಗಿಯಾಗಿ ಬದುಕುವುದಕ್ಕೆ ಒಂದು ಕೊನೆಯ ದಿನ ಇರಲಿ. ಹಾಳೆಯ ಮೇಲ್ಭಾಗದಲ್ಲೇ ಬರೆಯಿರಿ: “ಇಂಥ ತಿಂಗಳ ಹೊತ್ತಿಗೆ ಕೈಗೆ 175 ಬರದಿದ್ದರೆ ಬೇರೆ ಕೆಲಸ ನೋಡುತ್ತೇನೆ, ಇಲ್ಲವೇ ವಾಪಸ್ ಹೋಗುತ್ತೇನೆ.” ಅಂತರ ಸಣ್ಣದಿದ್ದರೆ ಸಂಬಳದ ಬದಲು ಬೇರೆ ಏನಾದರೂ ಕೇಳಿ. ವಾರಕ್ಕೆ ಎರಡು ದಿನ ಮನೆಯಿಂದ ಕೆಲಸ ಸಿಕ್ಕರೆ ಓಡಾಟದ ದಿನ 22ರಿಂದ ಸುಮಾರು 13ಕ್ಕೆ ಇಳಿಯುತ್ತದೆ. ಆಗ ಸ್ವಲ್ಪ ದೂರದ, ಅಗ್ಗದ ಮನೆಯೂ ತಡೆದುಕೊಳ್ಳುವಂತಾಗುತ್ತದೆ.

ಹೋದ ಮೇಲೆ

ಮೊದಲು ಒಂದು ತಿಂಗಳು ತಾತ್ಕಾಲಿಕ ಕೋಣೆಯಲ್ಲಿ ಇರಿ. ದಿನಕ್ಕೆ ದುಬಾರಿ ಅನ್ನಿಸಿದರೂ ತಪ್ಪು ಬಡಾವಣೆಯಲ್ಲಿ ಒಂದು ವರ್ಷದ ಕರಾರಿಗೆ ಸಿಕ್ಕಿಹಾಕಿಕೊಳ್ಳುವುದಕ್ಕಿಂತ ಕಡಿಮೆಯೇ. ಕೆಲಸದ ದಿನ ಬೆಳಗ್ಗೆ ಮತ್ತು ಸಂಜೆ ಆ ದಾರಿಯಲ್ಲಿ ನೀವೇ ಓಡಾಡಿ ನೋಡಿ, ರಾತ್ರಿ ಹೊತ್ತು ಆ ಬೀದಿಯಲ್ಲಿ ನಡೆದು ನೋಡಿ, ಆಮೇಲೆ ಸಹಿ ಹಾಕಿ.

ಮೊದಲ ಮೂರು ತಿಂಗಳು ಪ್ರತಿ ಖರ್ಚನ್ನೂ ಬರೆದಿಡಿ. ಮೊದಲ ತಿಂಗಳ ಅಂಕಿಯನ್ನು ನೋಡಿ ಗಾಬರಿಯಾಗಬೇಡಿ, ಅದರಲ್ಲಿ ಪರದೆ ಪಾತ್ರೆಗಳೆಲ್ಲ ಸೇರಿರುತ್ತವೆ. ಎರಡನೆಯ ಮತ್ತು ಮೂರನೆಯ ತಿಂಗಳ ಸರಾಸರಿಯನ್ನು ನಿಮ್ಮ ಹಾಳೆಯ ಪಕ್ಕ ಇಡಿ. ಒಟ್ಟು ಮೊತ್ತ 5 ಪಾಲಿನಷ್ಟು ಆಚೀಚೆ ಆಗಿದ್ದರೆ ಲೆಕ್ಕ ಸರಿಯಿತ್ತು. ಅದಕ್ಕಿಂತ ಜಾಸ್ತಿ ಆಗಿದ್ದರೆ ಯಾವ ಸಾಲು ಉಬ್ಬಿದೆ ನೋಡಿ. ಊಟದ ಸಾಲು ಉಬ್ಬಿದ್ದರೆ ಮುಂದಿನ ತಿಂಗಳೇ ಸರಿಮಾಡಬಹುದು. ಬಾಡಿಗೆ ಅಥವಾ ಓಡಾಟದ ಸಾಲು ಉಬ್ಬಿದ್ದರೆ ಕರಾರು ಮುಗಿಯುವ ತಾರೀಖನ್ನು ಗುರುತು ಹಾಕಿಕೊಂಡು, ಅದಕ್ಕೆ ಎರಡು ತಿಂಗಳು ಮುಂಚೆ ಬೇರೆ ಮನೆ ಹುಡುಕಲು ಶುರು ಮಾಡಿ.